ದೇವರ ಕೋಣೆಯ ಬಲ್ಬು

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ

ಮತ್ತೆ ಹೋಯಿತು. ಸ್ಟೆಬಿಲೈಜರ್ ಟಕ್ ಟಕ್ ಅಂತು, ಯುಪಿಎಸ್ ಕೀ ಕೀ ಅಂತು, ಸ್ಕ್ರೀನ್ ಕಪ್ಪು. ಡ್ರಾಯಿಂಗಿನಲ್ಲಿ ಕೊನೆಯ ಎರಡು ತೂತುಗಳ ಅಳತೆ ಹಾಕುತ್ತಿದ್ದೆ. ಈಗೀಗ ಒಂದು ಗೆರೆ ಎಳೆದರೆ ಒಂದು ಸಲ ಸೇವ್. ಗೆರೆ, ಸೇವ್. ಗೆರೆ, ಸೇವ್. ಇದು ಎಚ್ಚರವೋ ಹೆದರಿಕೆಯೋ ತಿಳಿಯದು.

ಭೋಸರಿಯ ಸಿದ್ರಾಮಪ್ಪನವರ ವರ್ಕ್‌ಶಾಪಿನ ಡ್ರಾಯಿಂಗ್. ಮಷೀನಿನ ಮೇಲೆ ಕಬ್ಬಿಣದ ತುಂಡು ಅಲುಗದಂತೆ ಹಿಡಿದಿಡುವ ಫಿಕ್ಸ್ಚರ್. ಇದೊಂದು ಸರಿಬಂದರೆ ಕಾಯಂ ಕೆಲಸ, ಮನೆಯಿಂದಲೇ. ಅತ್ತೆಯ ಸೊಂಟದ ಮೂಳೆ ಮುರಿದಾಗ ನೌಕರಿ ಬಿಟ್ಟವಳು ನಾನು. ಅವರನ್ನು ಒಬ್ಬರನ್ನೇ ಬಿಟ್ಟು ದಿನಾ ಭೋಸರಿಗೆ ಹೋಗುವಂತಿಲ್ಲ. ಹಾಗಾಗಿ ಈ ಟೇಬಲ್ಲು, ಈ ಕಂಪ್ಯೂಟರು — ಇಷ್ಟೇ ದಾರಿ.

ಇವರು ಖಡಕಿಯ ಆಫೀಸಿನಿಂದ ಫೋನ್ ಮಾಡಿದ್ದರು. "ಇನ್ನೂ ದೊಡ್ಡ ಸ್ಟೆಬಿಲೈಜರ್ ತರೋಣೇನು?" ಹೂಂ ಅಂದೆ. ಯಾಕೆ ಹೂಂ ಅಂದೆನೋ...

ಮಾರ್ಚ್ 7, ಶನಿವಾರ

ಕೆಳಗಿನ ಮನೆಯಲ್ಲೇ ಪಾರ್ಲರ್ ನಡೆಸುವ ಶೀತಲ್ ಮೆಟ್ಟಿಲಲ್ಲಿ ಅಡ್ಡ ನಿಂತಳು. ಸೋಲಾಪುರದವಳು, ಕನ್ನಡ ಚೆನ್ನಾಗಿ ಬರುತ್ತದೆ. ಪೂರಾ ಸಿಟ್ಟು ಬಂದರೆ ಮಾತ್ರ ಮರಾಠಿ. ಇವತ್ತು ಅರ್ಧ ಸಿಟ್ಟು.

"ಏನ್ ವಹಿನಿ, ಕರೆಂಟೆಲ್ಲಾ ಮ್ಯಾಲೆ ಎಳ್ಕೊಳ್ತೀರೇನು? ನನ್ನ ಡ್ರೈಯರ್ ದಮ್ಮಿನ ಪೇಶಂಟ್ ಹಂಗ ಉಸಿರು ಬಿಡ್ತದ. ನಿಮ್ಮ ದೇವರ ಖೋಲಿ ನೋಡಿದ್ರ ಲಗ್ನದ ಮನಿ ಹಂಗ ಝಗಮಗ!"

ನಕ್ಕು ಮೇಲೆ ಬಂದೆ. ಅತ್ತೆಗೆ ಎಲ್ಲಾ ಕೇಳಿಸಿತ್ತು. ಖುಷಿ.

"ಹೊಟ್ಟಿಕಿಚ್ಚು ಆಕಿಗೆ. ನೀ ಕೆಲಸಾ ಹಿಡದಾಗಿಂದ ನಮ್ಮ ಮನಿ ದೀಪಾ ಹೆಚ್ಚು ಉರಿಯಾಕ್ಹತ್ಯದ. ಶುಭ ಅದವಾ."

ದೇವರ ಕೋಣೆಯಲ್ಲಿ ಮಾತ್ರ ಹಳೇ ಕಾಲದ ತಂತಿ ಬಲ್ಬು. ಎಲ್ಇಡಿ ಹಾಕಲು ಅತ್ತೆ ಬಿಡಲಿಲ್ಲ. ಬಿಳೇ ಬೆಳಕಿನ್ಯಾಗ ದೇವರು ದವಾಖಾನ್ಯಾಗ ಮಲಗಿದಂಗ ಕಾಣ್ತಾನಂತೆ.

ಮಾರ್ಚ್ 9, ಸೋಮವಾರ

ಸುಟ್ಟ ವಾಸನೆ. ಕಂಪ್ಯೂಟರ್ ಸತ್ತಿದೆ. ಹೊಸ ಸ್ಟೆಬಿಲೈಜರ್ ಇದ್ದೂ.

ಏನೂ ಬರೆಯಲಾರೆ.

ಮಾರ್ಚ್ 12, ಗುರುವಾರ. ಸಂಜೆ

ರಿಪೇರಿಯಿಂದ ಬಂತು. ಒಳಗಿನ ಪವರ್ ಸಪ್ಲೈ ಸುಟ್ಟಿತ್ತು, ಅದೊಂದು ಹೊಸದು. ಡಿಸ್ಕ್ ಉಳಿದಿದೆ, ಡ್ರಾಯಿಂಗ್ ಮುಕ್ಕಾಲು ಉಳಿದಿದೆ.

ಸಿದ್ರಾಮಪ್ಪನವರ ಫೋನ್. ಒಳ್ಳೆಯ ಮನುಷ್ಯ, ಅದಕ್ಕೇ ಇನ್ನೂ ಕಷ್ಟ.

"ಅಕ್ಕಾರ, ಪಾಡವಾ ದಿನ, ಅಂದ್ರ ನಮ್ಮ ಯುಗಾದಿಗೆ, ಈ ಕೆಲಸಾ ಚಾಲೂ ಆಗಬೇಕ್ರಿ. ಹಿಂದಿನ ದಿನದೊಳಗ ಡ್ರಾಯಿಂಗ್ ಬರಲಿಲ್ಲಂದ್ರ ಬ್ಯಾರೇದವ್ರಿಗೆ ಕೊಡ್ತೀನಿ. ತಪ್ಪು ತಿಳಕೋಬ್ಯಾಡ್ರಿ."

ತಪ್ಪು ತಿಳಿದುಕೊಳ್ಳಲು ಏನಿದೆ? ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕಂಪ್ಯೂಟರಿನ ಪ್ಲಗ್ ಹಾಕಲು ಕೈ ಬರುತ್ತಿಲ್ಲ.

ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ

ಅತ್ತೆಯನ್ನು ಪೂಜೆಗೆ ಕೂರಿಸುತ್ತಿದ್ದೆ. ಕೆಳಗೆ ಶೀತಲಳ ಡ್ರೈಯರ್ ಗುಂಯ್ ಅಂತು. ಬಲ್ಬು ಭಗ್ ಅಂತ ಬೆಳಗಿತು. ಡ್ರೈಯರ್ ನಿಂತಿತು — ಬಲ್ಬು ಇಳಿಯಿತು. ಮತ್ತೆ ಗುಂಯ್. ಮತ್ತೆ ಭಗ್.

ವಿಭೂತಿ ಬಟ್ಟಲು ಕೈಯಲ್ಲೇ ಇತ್ತು.

ಅವಳದು ಓಡಿದಾಗ ನಮ್ಮದು ಮಂಕಾಗಬೇಕು, ಇಲ್ಲಾ ಹಾಗೇ ಇರಬೇಕು. *ಹೆಚ್ಚು* ಯಾಕೆ? ಎರಡು ಮನೆಗೆ ಕರೆಂಟ್ ತರುವ ಎರಡು ಬೇರೆ ಫೇಸ್ ತಂತಿ, ಇಬ್ಬರಿಗೂ ಸೇರಿ ಒಂದೇ ನ್ಯೂಟ್ರಲ್ ತಂತಿ. ಅದು ಎಲ್ಲೋ ಸಡಿಲಾಗಿದ್ದರೆ, ಹೆಚ್ಚು ಕರೆಂಟ್ ಬಳಸುವವರ ಮನೆಯಲ್ಲಿ ವೋಲ್ಟೇಜ್ ಬೀಳುತ್ತದೆ, ಇನ್ನೊಬ್ಬರ ಮನೆಯಲ್ಲಿ ಏರುತ್ತದೆ. ಸೆಕೆಂಡ್ ಇಯರ್ ಪಾಠ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಮನೆಯಲ್ಲಿ ಮಾತ್ರ ಡಬ್ಬದ ಹಿಂದೆ ಡಬ್ಬ ತಂದು ಜೋಡಿಸಿದೆ. ಮನೆಯೊಳಗೆ ನಾನು ಎಂಜಿನಿಯರ್ ಅಲ್ಲ ಅಂತ ಯಾರು ಹೇಳಿದ್ದರು? ಯಾರೂ ಇಲ್ಲ.

"ಯಾಕವಾ, ದೆವ್ವ ಬಡದಂಗ ನಿಂತಿ?"

ಹೇಳಿದೆ. ಇದು ಶುಭವಲ್ಲ ಅತ್ತಿ, ರೋಗ ಅಂದೆ. ನ್ಯೂಟ್ರಲ್ ಅಂದ್ರೇನು ಅಂತ ಕೇಳಿದರು. ಇಂಗ್ಲಿಷ್‌ನಲ್ಲಿ ಕಲಿತದ್ದು, ಕನ್ನಡ ಥಟ್ಟನೆ ಸಿಗಲಿಲ್ಲ. ಬಂದ ಕರೆಂಟು ವಾಪಸ್ ಹೋಗೋ ದಾರಿ ಅಂದೆ.

ಅತ್ತೆ ನನ್ನ ಕೈಯಿಂದ ವಿಭೂತಿ ಬಟ್ಟಲು ತೆಗೆದುಕೊಂಡರು. "ಬಂದವರಿಗೆ ಹೋಗಾಕ ದಾರಿ ಬೇಕಲ್ಲವಾ. ಇಲ್ಲಂದ್ರ ಮಂದಿ ಮನಿ ಹೊಕ್ಕು ದಾಂಧಲಿ ಮಾಡ್ತಾರ."

ನನ್ನ ಪ್ರೊಫೆಸರ್ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮಾರ್ಚ್ 14, ಶನಿವಾರ

ವೋಲ್ಟೇಜ್ ಅಳೆಯುವ ಇವರ ಹಳೇ ಮಲ್ಟಿಮೀಟರ್ ಸಿಕ್ಕಿತು. ಶೀತಲಳನ್ನು ಹೇಗೋ ಒಪ್ಪಿಸಿದೆ. ಪಾರ್ಲರಿನಲ್ಲಿ ಪಾಡವಾ ಹಬ್ಬದ ಗಿರಾಕಿ ತುಂಬಿದ್ದರು, ತಲೆಗೆ ಮೆಹಂದಿ ಮೆತ್ತಿಕೊಂಡು.

ನಾನು ಮೇಲಿಂದ ಕೂಗಿದೆ. "ಡ್ರೈಯರ್ ಚಾಲೂ!"

"ಚಾಲೂ!"

ನಮ್ಮ ಸಾಕೆಟ್‌ನಲ್ಲಿ ಇನ್ನೂರಾ ಅರವತ್ತೆಂಟು ವೋಲ್ಟ್.

"ಬಂದ್!"

"ಬಂದ್!"

ಇನ್ನೂರಾ ಮೂವತ್ತು.

ಕೆಳಗಿಳಿದು ಅವಳ ಸಾಕೆಟ್ ನೋಡಿದೆ. ಡ್ರೈಯರ್ ಓಡುವಾಗ ನೂರಾ ತೊಂಬತ್ತೂ ಇಲ್ಲ. ಶೀತಲ್ ನನ್ನ ಭುಜದ ಮೇಲಿಂದ ಇಣುಕಿದಳು. "ಅಂದ್ರ ನೀವು ಕದೀತಿರಲಿಲ್ಲ."

"ನೀನೇ ನನಗೆ ಕಳಿಸ್ತಿದ್ದಿ."

"ಅಯ್ಯಾ! ಫುಕಟ್ ಕಳಿಸಿದ್ದು ನಿಮಗ ಪಚನ ಆಗಲಿಲ್ಲ, ನೋಡ್ರಿ!" ಮೆಹಂದಿ ತಲೆಗಳೆಲ್ಲಾ ನಕ್ಕವು. ನಾನೂ.

ಮನೆ ಮಾಲಕರಿಗೆ ಅವಳೇ ಫೋನ್ ಮಾಡಿದಳು. ಮರಾಠಿಯಲ್ಲಿ. ಪೂರಾ ಸಿಟ್ಟು. ಸೋಮವಾರ ವೈರ್‌ಮನ್ ಬರುತ್ತಾನೆ. ಅಲ್ಲಿಯವರೆಗೆ ಪ್ಲಗ್ ಹಾಕುವುದಿಲ್ಲ. ಪಾಡವಾ ಗುರುವಾರ. ಸಾಲುತ್ತದಾ...

ಮಾರ್ಚ್ 16, ಸೋಮವಾರ

ವೈರ್‌ಮನ್ ಬಂದವನೇ, ಮೇಡಂ ನಿಮ್ಮ ಯುಪಿಎಸ್ ಖರಾಬ್ ಅಂದ. ಮುಂಚೆಯಾಗಿದ್ದರೆ ಹೌದೇನೋ ಅಂದುಕೊಂಡು ಹೊಸದು ತರುತ್ತಿದ್ದೆ. ಇವತ್ತು ಅಲ್ಲ ಅಂದೆ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ತೆಗೆಯಿರಿ, ನ್ಯೂಟ್ರಲ್ ನೋಡಿ. ಹೀಗೆ ಹೇಳಿ ರೂಢಿಯಿಲ್ಲ. ಆದರೂ ಅಂದೆ.

ಮೇನ್ ಬಂದ್ ಮಾಡಿ ತೆಗೆದ. ತಂತಿಯ ತುದಿ ಇದ್ದಿಲಿನಂತೆ ಕಪ್ಪು, ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಸುಟ್ಟಷ್ಟು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಬಿಗಿದ. ಎಲ್ಲ ಮುಗಿದ ಮೇಲೆ, "ಆಪಣ್ ಇಂಜಿನಿಯರ್ ಕಾ?" ಅಂತ ಮರಾಠಿಯಲ್ಲಿ ಕೇಳಿದ, ನೀವು ಎಂಜಿನಿಯರಾ ಅಂತ.

ಹೋ, ಅಂದೆ. ಎಷ್ಟು ವರ್ಷವಾಗಿತ್ತು ಆ ಪ್ರಶ್ನೆಗೆ ಹೌದು ಅಂದು.

ಡ್ರೈಯರ್ ಹಚ್ಚಿಸಿ ನೋಡಿದೆ. ಮಲ್ಟಿಮೀಟರಿನ ಮುಳ್ಳು ಇನ್ನೂರಾ ಮೂವತ್ತರಿಂದ ಅಲುಗಲಿಲ್ಲ.

ಮಾರ್ಚ್ 18, ಬುಧವಾರ. ಸಂಜೆ

ಕಳಿಸಿದೆ. ಎರಡು ದಿನ ಒಂದು ಸಲವೂ ಕೀ ಕೀ ಇಲ್ಲ. ಆದರೂ ಗೆರೆ, ಸೇವ್. ಗೆರೆ, ಸೇವ್.

ಉತ್ತರ ಬಂದಿಲ್ಲ.

ಮಾರ್ಚ್ 21, ಶನಿವಾರ. ಬೆಳಿಗ್ಗೆ

ಸಿದ್ರಾಮಪ್ಪನವರು ಈಗ ಫೋನ್ ಮಾಡಿದ್ದರು. "ಅಕ್ಕಾರ, ಜಪ್ಪಯ್ಯ ಅಂದ್ರೂ ಅಲುಗಾಡವಲ್ದು ನೋಡ್ರಿ ಆ ತುಂಡು! ಇನ್ನೊಂದು ಫಿಕ್ಸ್ಚರ್ ಬೇಕು. ಕಚ್ಚಾ ಸ್ಕೆಚ್ ಕಳಿಸೀನಿ, ಇವತ್ತೇ ಹಿಡೀರಿ. ಇನ್ನ ಮ್ಯಾಲೆ ಎಲ್ಲಾ ನಿಮ್ಮ ಕಡೆನೇ."

ಸ್ಕೆಚ್ ಬೆಳಗಾಗುತ್ತಲೇ ಬಂದಿತ್ತು, ಫೋನಿಗೂ ಮುಂಚೆ ತೆರೆದು ಕೆಲಸಕ್ಕೆ ಕೂತಿದ್ದೆ, ಅದು ಬೇರೆ ಮಾತು.

ಅತ್ತೆಗೆ ಹೇಳಿದೆ. ಚಲೋ ಆತು ಅಂದರು, ಕೈ ಹಿಡಿದುಕೊಂಡರು. ಆಮೇಲೆ ದೇವರ ಕೋಣೆಯ ಕಡೆ ನೋಡಿ ಮೆಲ್ಲಗೆ — "ಆದರ ದೀಪಾ ಸ್ವಲ್ಪ ಮಂಕಾತು, ಹೌದಲ್ಲೋ?" ಇದೇ ಸರಿಯಾದ ಬೆಳಕು ಅತ್ತಿ ಅಂದೆ. ನಂಬಿದಂತೆ ಕಾಣಲಿಲ್ಲ. ಇನ್ನೊಂದು ಬಲ್ಬು ಹಾಕಿಸಬೇಕು.

ಕೆಳಗೆ ಡ್ರೈಯರ್ ಒಂದೇ ಸಮನೆ ಓಡುತ್ತಿದೆ. ಬೆಳಿಗ್ಗೆಯಿಂದ ಎಷ್ಟು ಸಲ ಗುಂಯ್ ಅಂದಿತೋ, ನಾನು ತಲೆ ಎತ್ತಿ ನೋಡಿಯೇ ಇಲ್ಲ. ಹೊಸ ಡ್ರಾಯಿಂಗ್ ಅರ್ಧ ಬಂದಿದೆ. ಕೈ ತಾನೇ ಓಡಿತು, ಹಳೆಯ ದಿನಗಳ ಹಾಗೆ. ನಡುವೆ ಎಲ್ಲೂ ನಿಲ್ಲಲಿಲ್ಲ, ಎಲ್ಲೂ —

ಅಯ್ಯೋ. ಒಂದು ಸಲವೂ ಸೇವ್ ಮಾಡಿಲ್ಲ. ತಡಿ, ಪೆನ್ನು ಇಟ್ಟು ಮಾಡಿ ಬರ್ತೀನಿ.