ಕಾವಲು ಆರಿಸಿದ ಹಾರಾಟ

ಮನೆಯಿಂದ,
ಮಾರ್ಚ್ ೧೪, ಸಂಜೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ವಿಮಾನ ಹಾರಿಸುವವರು ಮೈ ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಕೆದಕಿ ಕೇಳುತ್ತಿದ್ದೇನೆ. ಇಲ್ಲಿ ನಿನ್ನ ಮಗಳು ಚಿನಕುರುಳಿ ಆರಾಮವಾಗಿದ್ದಾಳೆ. ನನ್ನ ಕನ್ನಡಕದ ಕಡ್ಡಿ ಮುರಿದು, ತಾತನೇ ಮುರಿದದ್ದೆಂದು ಅಜ್ಜಿಯ ಮುಂದೆ ಸಾಕ್ಷಿ ಹೇಳಿದ್ದಾಳೆ. ನಿನ್ನ ಗಂಡ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನು ಊಟಕ್ಕೆ ಕೂತರೆ ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಾನೆ. ಅವನ ಸಿಟ್ಟಿನಲ್ಲಿ ತಪ್ಪಿಲ್ಲ. ಸರ್ಕಾರದ ವಿಮಾನ ಸುರಕ್ಷತಾ ಕಚೇರಿಯಲ್ಲಿ ಕೂತು ಷರತ್ತು ಬರೆದವನು ನಾನು, ಅದರಂತೆ ನಿಮ್ಮ ಕಂಪನಿಯ ಪುಟ್ಟ ಜೆಟ್ಟನ್ನು ಹಾರಿಸಿ ತೋರಿಸಬೇಕಾದವಳು ನೀನು.

ವೇಗ ಮಿತಿ ಮೀರಿದರೆ ಕಂಪ್ಯೂಟರೇ ಮೂಗು ಎತ್ತಿ ವೇಗ ಇಳಿಸುತ್ತದೆ, ಹಾಗಾಗಿ ರೆಕ್ಕೆಗೆ ಮೊದಲಿನಷ್ಟು ಬಲ ಬೇಡ ಎನ್ನುವುದು ಕಂಪನಿಯ ವಾದ. ಆ ಕಾವಲು ಕಂಪ್ಯೂಟರು ಕೈಕೊಟ್ಟ ದಿನ ಏನು ಗತಿ? ಅದನ್ನು ಆರಿಸಿ, ಮೂಗು ತಗ್ಗಿಸಿ, ಮಿತಿ ಮೀರಿದ ಆ ವೇಗ ಮುಟ್ಟಿ, ರೆಕ್ಕೆ ತಡೆಯುತ್ತದೆಂದು ತೋರಿಸಿ ಎಂದು ಬರೆದೆ. ಆಗ ಆ ಸೀಟಿನಲ್ಲಿ ಬೇರೆ ಪೈಲಟ್ ಇದ್ದರು. ಅವರಿಗೆ ಹೃದಯದ ಆಪರೇಷನ್ ಆಗಿ ಸರದಿ ನಿನಗೆ ಬಂತು. ಹಾರುವವಳು ನನ್ನ ಸೊಸೆ, ಕಡತ ಬೇರೆಯವರಿಗೆ ಕೊಡಿ ಎಂದು ಮೇಲಿನವರನ್ನು ಕೇಳಿಕೊಂಡೆ. "ಬರೆದಾಗಿದೆಯಲ್ಲ, ಇನ್ನೇನ್ರೀ" ಅಂದುಬಿಟ್ಟರು. ನೀನು ಒಲ್ಲೆ ಎನ್ನುವವಳಲ್ಲ ಎಂದು ನನಗೂ ಗೊತ್ತು, ನಿನ್ನ ಗಂಡನಿಗೂ ಗೊತ್ತು.

ನನಗೆ ಭಯವಾಗುತ್ತಿದೆಯಮ್ಮ. ಆ ವೇಗದಲ್ಲಿ ರೆಕ್ಕೆ ಅದುರಲು ಶುರುವಾದರೆ ಏನಾಗುತ್ತದೆಂದು ಓದಿ ಬಲ್ಲೆ. ಹಾಗೆ ಬಿದ್ದ ವಿಮಾನವೊಂದರ ಚೂರುಗಳನ್ನು ಶೆಡ್ಡಿನ ನೆಲದ ಮೇಲೆ ಜೋಡಿಸಿಟ್ಟದ್ದನ್ನು ಕಣ್ಣಾರೆ ನೋಡಿಯೂ ಬಲ್ಲೆ.

ನಿನ್ನ ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ನೂರು ಕಾಲ ಬಾಳು ಎಂದು ಪ್ರತಿ ಸಲ ಬರೆಯುತ್ತಿದ್ದೆ, ಈ ಸಲ ಅದನ್ನು ಬಾಯಿಮಾತಿಗಲ್ಲ, ಮನಸಾರೆ ಬರೆಯುತ್ತಿದ್ದೇನೆ.

ನಿನ್ನ ಮಾವ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ಹಾರಿಸುವುದು ಬೇಡ, ಲೆಕ್ಕದಲ್ಲೇ ತೋರಿಸುತ್ತೇವೆ ಎಂದು ಕಂಪನಿ ಕೇಳಿದೆಯಂತೆ. "ಸಾರ್, ನೀವೊಂದು ಹೂಂ ಅಂದ್ರೆ ಮುಗೀತು" ಅಂದರು. ನಿನ್ನ ಗಂಡ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಮುಂದೆ ಆ ವಿಮಾನದಲ್ಲಿ ಯಾರ್ಯಾರ ಮಕ್ಕಳೋ ಕೂರುತ್ತಾರೆ. ಹೂಂ ಅನ್ನಲಿಲ್ಲ ಕಣಮ್ಮ. ಸೋಮವಾರ ನೀನು ಹಾರಬೇಕು. ಇಳಿದು ಮನೆಗೆ ಬಂದು ನನಗೆ ಎಷ್ಟು ಬೇಕಾದರೂ ಬೈ.