1338 ಅಂದರೆ ಯಾವ ವರ್ಷ

ಜನವರಿ 6, ಮಂಗಳವಾರ

ಇವತ್ತು ಹದಿನಾಲ್ಕು ಪುಟ. ಎಂದಿನ ಹಾಗೆ ಗುಲಾಮ್ ರಸೂಲ್ ಸಾಬರು ನಿಜಾಮರ ಕಾಲದ ಉರ್ದು ಜಮೀನು ರಿಜಿಸ್ಟರ್ ಓದಿ ಅರ್ಥ ಹೇಳುವುದು, ನಾನು ಟೈಪ್ ಮಾಡುವುದು. ಅವರಿಗೆ ಕನ್ನಡ ಓದಲು ಬಾರದು, ನನಗೆ ಉರ್ದು ಬಾರದು. “ನಿಮ್ಮಿಬ್ಬರನ್ನ ಕೂಡಿಸಿದ್ರ ಒಬ್ಬ ಪೂರಾ ನೌಕರ ಆಗ್ತಾನ ನೋಡ್ರಿ” ಎಂದು ನಮ್ಮ ಏಜೆನ್ಸಿಯ ಸೂಪರ್‌ವೈಸರ್ ವಿವೇಕಾನಂದ ಛೇಡಿಸುತ್ತಾರೆ. ಸಾಬರು ತಿಂಗಳ ಹೆಸರನ್ನೂ ಓದುತ್ತಾರೆ... ಬಹಮನ್, ಆಬಾನ್. ಫಾರ್ಮಿನಲ್ಲಿ ತಿಂಗಳಿಗೆ ಕಾಲಂ ಇಲ್ಲ, ಬಿಟ್ಟುಬಿಡುತ್ತೇನೆ. ವರ್ಷವನ್ನು ಮೊಬೈಲ್ ಆ್ಯಪ್‌ಗೆ ಹಾಕಿದರೆ ಇಸವಿ ಬರುತ್ತದೆ. ಅಷ್ಟೇ ಕೆಲಸ.

ಕಮಲಾಪುರದಿಂದ ಅವ್ವನ ಫೋನ್. ಕೆಂಪು ಬಾಳೆ ಗೊನೆ ಬಲಿತಿದೆಯಂತೆ. “ನಮ್ಮ ಹೊಲದ ತುಕಡಿದಾಗ ಮೊದಲ್ನೇ ಗೊನಿ, ಸುನಂದಾ!” ದನಿಯಲ್ಲಿ ಹಬ್ಬ.

ಜನವರಿ 9, ಶುಕ್ರವಾರ, ಮಧ್ಯಾಹ್ನ 3

ಮಹಾಗಾಂವದಿಂದ ರೋಷನಬಿ ಎಂಬ ಮುದುಕಿ ಬಂದಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿದ ಕಾಗದ. ನಾನೇ ಟೈಪ್ ಮಾಡಿದ್ದು, ಕೆಳಗೆ ನನ್ನದೇ ಸಹಿ.

“ಇದು ನಕಲಿ ಅದ ಅಂತಾರ, ಬಾಯಿ.”

ಅವಳ ಹೊಲದಿಂದ ಬಾವಿಗೆ ಹೋಗುವ ದಾರಿಗೆ ಪಕ್ಕದವರು ತಂತಿ ಬೇಲಿ ಹಾಕಿದ್ದಾರೆ. ದಾರಿ ಅವಳ ಅಜ್ಜಿ ಶಾಹಜಾದಿಯ ಕಾಲದ್ದೆಂದು ರಿಜಿಸ್ಟರಿನಲ್ಲಿದೆ. ವರ್ಷ 1338. ನಾನು ಕೊಟ್ಟ ಇಸವಿ 1920. ಆದರೆ ಬಾವಿಯ ಕಲ್ಲಿನ ಮೇಲೆ ಕೆತ್ತಿದ್ದು 1927.

“ಬಾವಿನೇ ಇರಲಾರದಾಗ ಬಾವಿಗಿ ದಾರಿ ಹ್ಯಾಂಗ ಬಂತು ಅಂತ ಕೇಳ್ತಾರ. ಖೋಟಾ ಕಾಗದ ಮಾಡೀದಿ, ಪೊಲೀಸರಿಗಿ ಹೇಳ್ತೀವಿ ಅಂತಾರ. ನಾ ಸಾಲಿ ಮೆಟ್ಟಿಲಾ ಹತ್ತಿಲ್ಲ... ನಾ ಹ್ಯಾಂಗ ಮಾಡ್ಲಿ ಖೋಟಾ?”

ಹತ್ತೊಂಬತ್ತಕ್ಕೆ ಕಮಲಾಪುರದ ತಹಸೀಲ್ ಕಚೇರಿಯಲ್ಲಿ ವಿಚಾರಣೆ. ಸಾಬರು ಬರುವುದು ಮಂಗಳವಾರ.

ಜನವರಿ 13, ಮಂಗಳವಾರ

ಪುಟ ತೆರೆದು ಕೊಟ್ಟೆ. ಸಾಬರು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು. “ಮಹೀನಾ ಬಹಮನ್, ತೇರಾಸೌ ಅಡತೀಸ್.” 1338, ಸರಿಯೇ ಇದೆ. ನಾನು ಬರೆದ ಇಸವಿ 1920 ಎಂದೆ.

“ಬಹಮನ್ ಅಂದ್ರ ಫಸ್ಲಿ ಅಲ್ಲೇನು ಬೇಟಾ? ನಿಜಾಮರ ಸರ್ಕಾರಿ ವರ್ಷ, ಕಂದಾಯದ ಲೆಕ್ಕದ್ದು. ಐನೂರಾ ತೊಂಬತ್ತು ಕೂಡಿಸಬೇಕು. ನಿನಗ ಗೊತ್ತದ ಅಂತ ತಿಳ್ಕೊಂಡಿದ್ದೆ!”

ನನ್ನ ಆ್ಯಪ್ ಹಿಜರಿ ವರ್ಷದ್ದು, ಮುಸ್ಲಿಮರ ಹಬ್ಬಗಳ ಪಂಚಾಂಗದ್ದು. ಎರಡು ವರ್ಷದಿಂದ ಅದರಲ್ಲೇ...

1338ಕ್ಕೆ 590. ಅಂದರೆ 1928. ಮೊದಲು ಬಾವಿ, ಆಮೇಲೆ ದಾರಿ. ಮುದುಕಿ ಗೆದ್ದಳು! ಒಂದು ನಿಮಿಷ ಕುಣಿಯುವಷ್ಟು ಖುಷಿ.

ಆಮೇಲೆ ಹಳೆಯ ಫೈಲು ತೆಗೆದು ಎಣಿಸಿದೆ. ಹೀಗೇ ಇಸವಿ ಹಾಕಿ ಕೊಟ್ಟ ಕಾಗದ ನಲವತ್ತೊಂದು. ಅದರಲ್ಲಿ ಒಂದು ಅವ್ವನದು, ಶಿವಕಾಂತಮ್ಮ ಎಂಬ ಹೆಸರಿನಲ್ಲಿ.

ಬಾಳೆಯ ತುಕಡಿ. ಪಕ್ಕದ ಮೌನೇಶನ ಹತ್ತಿರ 1924ರ ಖರೀದಿ ಪತ್ರವಿತ್ತು. ರಿಜಿಸ್ಟರಿನಲ್ಲಿ ನಮ್ಮ ಮನೆತನದ ಹೆಸರಿಗೆ 1336. ಆ್ಯಪ್ 1917 ಎಂದಿತು. ನಮ್ಮದು ಹಳೆಯದು ಎಂದು ಹೋದ ವರ್ಷ ತುಕಡಿ ನಮಗಾಯಿತು. ಮೌನೇಶ ಬೇಲಿ ಕಿತ್ತುಕೊಂಡು ಹೋದ. ಇದಕ್ಕೆ 590 ಕೂಡಿಸಿ ನೋಡುವ ಧೈರ್ಯವಿಲ್ಲ.

ಜನವರಿ 16, ಶುಕ್ರವಾರ

ವಿವೇಕಾನಂದರಿಗೆ ಹೇಳಿದೆ. ಬಾಗಿಲು ಮುಚ್ಚಿದರು.

“ಆಕಿ ಕಾಗದ ಒಂದು ಬದಲಿಸಿ ಕೊಡ್ರಿ. ಟೈಪಿಂಗ್ ಮಿಸ್ಟೇಕ್ ಅನ್ರಿ. ಉಳಿದ ನಲವತ್ತು ಯಾರು ಕೇಳ್ಯಾರ? ಬಾಯಿ ಬಿಟ್ರ ನಿಮ್ಮ ಕಾಂಟ್ರ್ಯಾಕ್ಟೂ ಹೋಗ್ತದ, ನಂದೂ ಹೋಗ್ತದ.”

ಸರಿ ಅನ್ನಿಸಿತು. ಅದೇ ನಾಚಿಕೆ. ಜೇವರ್ಗಿ ಕಾಲೋನಿಯ ರೂಮಿಗೆ ಬಂದು ಊಟ ಮಾಡದೆ ಮಲಗಿದೆ.

ಜನವರಿ 19, ಸೋಮವಾರ, ಸಂಜೆ 5, ಕಮಲಾಪುರ

ಅವ್ವನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಟೈಪಿಂಗ್ ಮಿಸ್ಟೇಕ್ ಎಂದೇ ಹೇಳಲು ಹೋಗಿದ್ದೆ. ಹಾಗೇ ಹೇಳಿ ತಿದ್ದಿದ ಕಾಗದ ಕೊಟ್ಟೆ. ಅಧಿಕಾರಿ ಎರಡನ್ನೂ ನೋಡಿದರು. “ಒಂದಂಕಿ ತಪ್ಪಿದ್ರ ಒಪ್ತಿದ್ದೆ. ಎಂಟು ವರ್ಷ ಹ್ಯಾಂಗ ತಪ್ತದ್ರಿ?”

ರೋಷನಬಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಹೇಳಿಬಿಟ್ಟೆ. ಹಿಜರಿ, ಫಸ್ಲಿ, ಆ್ಯಪ್, ಎಲ್ಲ. ಅಧಿಕಾರಿ ಬರೆದುಕೊಂಡರು. ನಾಳೆಯೇ ಬೇಲಿ ತೆಗೆಯಿರಿ ಎಂದರು. ಮುದುಕಿ ನನ್ನ ಕೈ ಹಿಡಿದು ಅತ್ತಳು. ಆಮೇಲೆ ಅಧಿಕಾರಿ ಪೆನ್ನು ಎತ್ತಿ ಕೇಳಿದರು: “ಹಿಂಗ ಇನ್ನೆಷ್ಟು ಕೊಟ್ಟೀರಿ? ಮುಂಜಾನಿ ಹತ್ತಕ್ಕ ಪಟ್ಟಿ ಬೇಕು.”

ಪಟ್ಟಿ ಮಾಡುತ್ತಿದ್ದೇನೆ. ಬಾಗಿಲಲ್ಲಿ ಅವ್ವ. ಮಡಿಲಲ್ಲಿ ಕೆಂಪು ಬಾಳೆಹಣ್ಣು, ಮೊದಲ ಗೊನೆಯದು.

“ಆ ಮುದುಕಿಗಿ ದಾರಿ ಕೊಡಿಸಿದೆಂತ? ಛಲೋ ಮಾಡಿದಿ ತಂಗಿ. ಮೊದಲ ಈ ಹಣ್ಣು ತಿನ್ನು.”

ತಿಂದೆ. ಸಿಪ್ಪೆ ಪಕ್ಕಕ್ಕಿಟ್ಟು ಪೆನ್ನು ಹಿಡಿದೆ.

ರೋಷನಬಿಯದೂ ಸೇರಿ ನಲವತ್ತು ಹೆಸರು ಆಯಿತು. 

41. ಶಿವಕಾಂತಮ್ಮ, ಕಮಲಾಪುರ. ಫಸ್ಲಿ 1336. ಅಂದರೆ