ಗುರಾಣಿ ತಡೆಯದ ಭಾರ

ಸೆಪ್ಟೆಂಬರ್ 3, ಬೆಳಿಗ್ಗೆ

ಕವಾಯತು ಮುಗಿಯಿತು. ನಡುಪಟ್ಟಿಗೆ ಮತ್ತೊಂದು ತೂತು ಹೊಡೆಸಿದೆ. ಫ್ರಾಂಕರ ಹಳ್ಳಿಯಿಂದ ಬರಿಗೈಯಲ್ಲಿ ಬಂದು ರೋಮ್ ಸೈನ್ಯ ಸೇರಿದವನು, ಈಗ ರೈನ್ ದಂಡೆಯ ಅಷ್ಟೂ ಪಡೆಗೆ ಸೇನಾಪತಿ. ಈ ಹೊಟ್ಟೆ ಸುಮ್ಮನೆ ಬಂದದ್ದಲ್ಲ.

ಹೊಳೆ ದಾಟಿ ಲೂಟಿಗೆ ಬಂದ ಅಲಮನ್ನರ ಗುಂಪನ್ನು ಮೊನ್ನೆ ಅಟ್ಟಿದ್ದೇ ಅಟ್ಟಿದ್ದು. ಸೈನಿಕರಿಗೆ ನನ್ನ ಮೇಲೆ ಪ್ರೀತಿ ಉಕ್ಕುತ್ತಿದೆ... ಅದೇ ಸ್ವಲ್ಪ ತಲೆನೋವು.

ಸೆಪ್ಟೆಂಬರ್ 5

ದಳಪತಿ ಹಾರಿಯುಲ್ಫ್ ಬಂದ. ಬಾಗಿಲು ಹಾಕಿಕೊಂಡ.

"ಅಣ್ಣಾ, ಹುಡುಗ್ರು ನಿಮ್ಮನ್ನ ಗುರಾಣಿ ಮೇಲೆ ಎತ್ತಬೇಕು ಅಂತಿದಾರೆ."

ಎತ್ತಿದರೆ ನಾನು ಸಾಮ್ರಾಟ. ಮಿಲಾನಿನಲ್ಲಿ ಈಗಾಗಲೇ ಒಬ್ಬನಿದ್ದಾನೆ. ಅವನ ಅರಮನೆಯಲ್ಲಿ ನನ್ನ ಹೆಂಡತಿ ಲುಪುಲಾ — ಅತಿಥಿಯಂತೆ. ಸುದ್ದಿ ಮುಟ್ಟಿದ ದಿನವೇ ಅವಳ ತಲೆ ಹೋಗುತ್ತದೆ.

"ನನ್ನ ಹೊಟ್ಟೆ ನೋಡಿದೀಯಾ? ಯಾವ ಗುರಾಣಿ ತಡಿಯುತ್ತೋ?" ಅಂದೆ.

ನಕ್ಕ. ಹೊರಗೆ ಹೋಗಿ ಹೇಳಿದ. ಇಡೀ ಪಾಳೆಯ ನಕ್ಕಿತು. ನಗುವವರು ದಂಗೆ ಏಳುವುದಿಲ್ಲ. ನನಗೆ ಗೊತ್ತಿಲ್ಲವೇ ಇವರು.

ಸೆಪ್ಟೆಂಬರ್ 9

ಹಂದಿಮಾಂಸ. ಎಲ್ಲರೆದುರಿಗೇ ಎರಡು ಪಾಲು ತಿಂದೆ.

"ಸಾಕು ಬಿಡಣ್ಣಾ, ಗುರಾಣಿ ಇರ್ಲಿ, ಸೇತುವೇನೂ ತಡೆಯಲ್ಲ," ಅಂದ ಒಬ್ಬ.

ಇನ್ನೊಂದು ತುಂಡು ಹಾಕಿಸಿಕೊಂಡೆ. ಲುಪುಲಾಗೋಸ್ಕರ ತಿನ್ನುತ್ತಿದ್ದೇನೆ ಅಂದರೆ ಅವಳೇ ನಂಬುವುದಿಲ್ಲ. ಬಹಳ ನೆನಪಾಗುತ್ತಾಳೆ.

ಸೆಪ್ಟೆಂಬರ್ 10

ಮಿಲಾನಿನಿಂದ ಆಜ್ಞೆ. ಅಲ್ಲಿಗೆ ಬಂದು ಅಧಿಕಾರದ ನಡುಪಟ್ಟಿ ಬಿಚ್ಚಿ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ಹೋಗಬಹುದು. ಸೇವೆ ಮುಗಿಯಿತು. ಹೊಟ್ಟೆಗೂ ಆರಾಮ.

"ಹಂಗೆ ಹೋದವ್ರು ಯಾರಣ್ಣಾ ವಾಪಸ್ ಬಂದಿರೋದು?" ಅಂದ ಹಾರಿಯುಲ್ಫ್.

"ನಾನು ಬರ್ತೀನಿ."

ಪಾಳೆಯದಲ್ಲಿ ಯಾರೂ ಗದ್ದಲ ಮಾಡಲಿಲ್ಲ. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ 21, ಸಂಜೆ

ನಾಳೆ ಪ್ರಯಾಣ. ಗುರಾಣಿ ಮಾಡುವ ವೆರೆಕುಂದನಿಗೂ ಹೇಳಿ ಬರೋಣವೆಂದು ಹೋದೆ. ಒಂದು ಗುರಾಣಿಗೆ ಮೊಳೆ ಹೊಡೆಯುತ್ತಿದ್ದ. ಮೂರು ಪದರದ ಹಲಗೆ, ಸುತ್ತ ಕಬ್ಬಿಣ, ಬಾಗಿಲಿನಷ್ಟು ದೊಡ್ಡದು.

"ಇದನ್ನ ಯಾರು ಹೊರ್ತಾರಪ್ಪಾ?"

"ಎಂಟು ಜನ, ದಣಿ." ತಲೆ ಎತ್ತಲಿಲ್ಲ. "ಮಾಮೂಲಿದು ತಡೆಯಲ್ಲ ಅಂದಿದ್ರಂತಲ್ಲ, ಅದಕ್ಕೇ."

ಸೆಪ್ಟೆಂಬರ್ 22, ಬೆಳಿಗ್ಗೆ

ಅಂಗಳ ತುಂಬ ಜನ. ಕುದುರೆ ಲಾಯದಿಂದ ಬಂದಿಲ್ಲ. ಪರವಾಗಿಲ್ಲ, ಮಾತಾಡಿ ಕಳಿಸುತ್ತೇನೆ. ಇಷ್ಟು ವರ್ಷ ಇವರನ್ನು ಮಾತಿನಲ್ಲೇ ಆಳಿದವನು. ಒಂದು ನಗೆಮಾತು ಸಾಕು.

ಹಾರಿಯುಲ್ಫ್ ಬಾಗಿಲು ತಟ್ಟುತ್ತಿದ್ದಾನೆ. ಅಣ್ಣಾ ಅನ್ನುತ್ತಿಲ್ಲ. ಮಹಾಪ್ರಭು ಅನ್ನುತ್ತಿದ್ದಾನೆ.

ಲುಪುಲಾ, ನಾನು ತಮಾಷೆಗೆ ಅಂದ ಮಾತು ಕಣೇ, ಅದು —